ದೊಡ್ಡಮ್ಮನ ಬೆರಳು ಬಿಚ್ಚಿಸುವ ದಾರ

ದೊಡ್ಡಮ್ಮನ ಬಲಗೈ ಯಾವಾಗಲೂ ಸೆರಗಿನ ಒಳಗೇ ಇರುತ್ತದೆ. ಮನೆಗೆ ಯಾರಾದರೂ ಬಂದರೆ ಇನ್ನೂ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತಾಳೆ. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಮಾತು ಸ್ವಲ್ಪ ದಿನ ತೊದಲಿ ಆಮೇಲೆ ಸರಿಹೋಯಿತು, ಕಾಲು ಐದಾರು ತಿಂಗಳಲ್ಲಿ ಮನೆಯೊಳಗೆ ಓಡಾಡುವಷ್ಟು ಸುಧಾರಿಸಿತು, ಆದರೆ ಬಲಗೈ ಬೆರಳುಗಳು ಮುಷ್ಟಿ ಕಟ್ಟಿದ್ದು ಹಾಗೇ ಉಳಿದವು. ಅಂಗೈಗೆ ಉಗುರು ಚುಚ್ಚಬಾರದು ಅಂತ ಹಳೇ ಪಂಚೆಯ ಬಟ್ಟೆ ಸುತ್ತಿ ಮುಷ್ಟಿಯೊಳಗೆ ಇಡುತ್ತೇವೆ. ದಿನಾ ಸಂಜೆ ಅದನ್ನು ತೆಗೆದು, ಅಂಗೈ ಒರೆಸಿ, ಒಣಗಿಸಿ, ಬೇರೆ ಬಟ್ಟೆ ಇಡಬೇಕು. ಇಲ್ಲದಿದ್ದರೆ ಬೆವರಿಗೆ ಚರ್ಮ ಬೆಳ್ಳಗಾಗಿ ವಾಸನೆ ಬರುತ್ತದೆ.

ಈ ಕೈ ಶಿಡ್ಲಘಟ್ಟದಲ್ಲಿ ಇಪ್ಪತ್ತೆಂಟು ವರ್ಷ ರೇಷ್ಮೆ ನೂಲು ಬಿಚ್ಚಿದ ಕೈ. ಬಿಸಿನೀರಿನ ಬೇಸಿನ್‌ನಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಅವುಗಳಿಂದ ಕಣ್ಣಿಗೆ ಸರಿಯಾಗಿ ಕಾಣದ ಎಳೆಯ ತುದಿ ಹಿಡಿಯಬೇಕು, ಏಳೆಂಟು ಗೂಡಿನ ಎಳೆ ಕೂಡಿಸಿ ಒಂದು ನೂಲು ಮಾಡಬೇಕು, ಒಂದು ಗೂಡು ಮುಗಿಯುತ್ತಿದ್ದ ಹಾಗೆ ಇನ್ನೊಂದರ ತುದಿ ಎಸೆದು ಸೇರಿಸಬೇಕು, ಚರಕ ನಿಲ್ಲಬಾರದು. ನಾನು ಚಿಕ್ಕವಳಿದ್ದಾಗ ಶಾಲೆಯಿಂದ ಸೀದಾ ಅಲ್ಲಿಗೇ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಆ ಬೆರಳುಗಳ ಓಡಾಟ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು ಮೆಕ್ಯಾನಿಕಲ್ ಓದಿದವಳು. ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯಲ್ಲಿ ಡಿಸೈನ್ ಕೆಲಸ. ದಿನವೆಲ್ಲ ಫಿಕ್ಸ್‌ಚರ್, ಗೇರು, ಸ್ಪ್ರಿಂಗ್ ಇದೇ ನೋಡುವವಳಿಗೆ ಒಂದು ಕೈಗೆ ಬೇಕಾದ ಸಾಧನ ಮಾಡೋದು ಎಷ್ಟು ಕಷ್ಟ ಇದ್ದೀತು ಅಂತ ಶುರು ಮಾಡಿದೆ. ಒಂದೂವರೆ ವರ್ಷ ಆಯಿತು, ಈಗ ಮೂರನೇ ಸಾಧನ ನಡೀತಿದೆ. ಇಷ್ಟು ದಿನದಲ್ಲಿ ತಿಳಿದದ್ದನ್ನು ಬರೆದಿಡಬೇಕು ಅನ್ನಿಸಿತು. ಎಷ್ಟೋ ಮನೆಯಲ್ಲಿ ಇಂಥದ್ದೇ ಒಂದು ಕೈ ಸೆರಗಿನ ಒಳಗೋ ಟವೆಲ್‌ನ ಕೆಳಗೋ ಇರುತ್ತದೆ ಅಲ್ವಾ.

ಮೊದಲ ತಪ್ಪು ಮೊದಲ ದಿನವೇ ಆಗಿತ್ತು. ಇಂಟರ್ನೆಟ್‌ನಲ್ಲಿ ರೋಬೋಟಿಕ್ ಕೈಗವಸಿನ ವೀಡಿಯೊ ನೋಡಿದರೆ ಬಹುತೇಕ ಎಲ್ಲದರಲ್ಲೂ ಕೈ ಏನನ್ನಾದರೂ ಹಿಡಿಯುತ್ತಿರುತ್ತದೆ. ಬಾಟಲಿ, ಚೆಂಡು, ಸೇಬು. ನಾನೂ ಹಿಡಿಸುವ ಯಂತ್ರವನ್ನೇ ಕಾಗದದ ಮೇಲೆ ಬರೆದುಕೊಂಡು ಹೋಗಿ ದೊಡ್ಡಮ್ಮನಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಮೇಡಂಗೆ ತೋರಿಸಿದೆ. ಅವರು ಎರಡು ನಿಮಿಷ ನೋಡಿ ಹೇಳಿದರು: "ಹಿಡಿಯೋಕೆ ಇವರಿಗೆ ಬರುತ್ತಲ್ಲಮ್ಮಾ, ಬಿಡೋಕೆ ಬರಲ್ಲ. ನೀವು ಬಿಚ್ಚಿಸೋದನ್ನ ಮಾಡಿ."

ಅಲ್ಲಿಂದ ನನ್ನ ಕೆಲಸವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಇದು ಯಾಕೆ ಹೀಗೆ ಅಂತ ನಿಮ್ಮ ಕೈಯಲ್ಲೇ ನೋಡಬಹುದು. ಎಡಗೈಯಿಂದ ಬಲಗೈಯ ಮೊಣಕೈ ಕೆಳಗಿನ ಭಾಗ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಆಡಿಸಿ. ಒಳಗೆ ಮಾಂಸ ಹರಿದಾಡೋದು ಗೊತ್ತಾಗುತ್ತದೆ. ಬೆರಳು ಆಡಿಸುವ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ದಾರದ ಹಾಗೆ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳ ತುದಿಯ ತನಕ ಹೋಗುತ್ತವೆ. ಅಂಗೈ ಕಡೆಯವು ಮುಚ್ಚಿಸುತ್ತವೆ, ಹಿಂಗೈ ಕಡೆಯವು ಬಿಚ್ಚಿಸುತ್ತವೆ. ಮುಚ್ಚಿಸುವ ಪಂಗಡಕ್ಕೆ ಹುಟ್ಟಿನಿಂದಲೇ ಬಲ ಜಾಸ್ತಿ. ಸ್ಟ್ರೋಕ್ ಆದ ಮೇಲೆ ಮೆದುಳಿನಿಂದ ಬರುವ ಹಿಡಿತ ತಪ್ಪಿ ಆ ಪಂಗಡ ಸದಾ ಬಿಗಿದುಕೊಂಡೇ ಇರುತ್ತದೆ, ಬಿಚ್ಚಿಸುವ ಪಂಗಡ ಸೋತು ಹೋಗಿರುತ್ತದೆ.

ಈ ಬಿಗಿತಕ್ಕೆ ಇನ್ನೊಂದು ಗುಣ ಇದೆ, ಡಿಸೈನ್ ಮಾಡುವವರಿಗೆ ಅದೇ ಮುಖ್ಯ. ಬೆರಳನ್ನು ಎಷ್ಟು ವೇಗವಾಗಿ ಎಳೆಯುತ್ತೀರೋ ಅದು ಅಷ್ಟೇ ಜೋರಾಗಿ ಎದುರು ಎಳೆಯುತ್ತದೆ. ನಿಧಾನವಾಗಿ ಎಳೆದರೆ ಬಿಟ್ಟುಕೊಡುತ್ತದೆ. ಅಂದರೆ ದೊಡ್ಡ ಮೋಟಾರ್ ಹಾಕಿ ಗೆಲ್ಲೋಕೆ ಆಗೋದಿಲ್ಲ. ನಮ್ಮ ಸಾಧನ ಒಂದು ಸಲ ಬೆರಳು ಬಿಚ್ಚೋಕೆ ಎಂಟು ಸೆಕೆಂಡ್ ತೆಗೆದುಕೊಳ್ಳುತ್ತದೆ. ನಾನು ಮೊದಲು ಎರಡು ಸೆಕೆಂಡ್‌ಗೆ ಇಟ್ಟಿದ್ದೆ, ದೊಡ್ಡಮ್ಮನ ಮೊಣಕೈಯೂ ಮಡಚಿಕೊಂಡು ಇಡೀ ತೋಳು ಎದೆಗೆ ಬಂತು. ಅವಳು ಏನೂ ಹೇಳಲಿಲ್ಲ. ಮುಖ ನೋಡಿಯೇ ನಿಲ್ಲಿಸಿದೆ. ಆ ಮುಖ ನನಗೆ ಮರೆಯೋದಿಲ್ಲ.

ಮೊದಲ ಸಾಧನ ಗಟ್ಟಿ ಪ್ಲಾಸ್ಟಿಕ್‌ನದು. ಪರಿಚಯದವರ ತ್ರೀಡಿ ಪ್ರಿಂಟರ್‌ನಲ್ಲಿ ಸಣ್ಣ ಸಣ್ಣ ಪಟ್ಟಿ ಮಾಡಿಸಿ, ಪಿನ್ ಹಾಕಿ ಕೀಲು ಕೂಡಿಸಿ, ಬೆರಳಿನ ಬೆನ್ನ ಮೇಲೆ ಕೂರಿಸಿದ್ದೆ. ಟೇಬಲ್ ಮೇಲೆ ಎಷ್ಟು ಚೆನ್ನಾಗಿ ಆಡುತ್ತಿತ್ತು ಗೊತ್ತಾ! ಕೈಗೆ ಹಾಕಿದ ಮೇಲೆ ಹತ್ತು ನಿಮಿಷಕ್ಕೆ ಗಂಟಿನ ಮೇಲೆ ಕೆಂಪು ಬರೆ.

ಇದರ ಕಾರಣವನ್ನೂ ಒಂದು ಪೆನ್ ಇದ್ದರೆ ನೋಡಬಹುದು. ನಡುಬೆರಳಿನ ನಡುಗಂಟಿನ ಆಚೆ ಒಂದು ಚುಕ್ಕೆ, ಈಚೆ ಒಂದು ಚುಕ್ಕೆ ಇಡಿ. ಬೆರಳು ನೇರ ಇದ್ದಾಗ ಅಳೆಯಿರಿ, ಮಡಚಿ ಅಳೆಯಿರಿ. ನನ್ನ ಕೈಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಜಾಸ್ತಿ ಬಂತು. ಬೆರಳು ತಿರುಗುವ ನಡು ಬಿಂದು ಮೂಳೆಯ ಒಳಗಿದೆ, ನಮ್ಮ ಪಿನ್ ಚರ್ಮದ ಮೇಲಿದೆ. ಎರಡೂ ಒಂದೇ ಜಾಗದಲ್ಲಿ ಇಲ್ಲದಿದ್ದರೆ ಪ್ರತಿ ಸಲ ಮಡಚಿದಾಗಲೂ ಪಟ್ಟಿ ಚರ್ಮವನ್ನು ಉಜ್ಜುತ್ತದೆ, ಕೀಲನ್ನು ಅಡ್ಡ ತಳ್ಳುತ್ತದೆ. ಪಿನ್‌ಗಳನ್ನು ಬೆರಳಿನ ಎರಡೂ ಪಕ್ಕಕ್ಕೆ ತರೋಣ ಅಂದರೆ ಬೆರಳ ಸಂದಿಯಲ್ಲಿ ಜಾಗ ಇಲ್ಲ. ದೂರದಿಂದಲೇ ಆ ಬಿಂದುವಿನ ಸುತ್ತ ತಿರುಗುವ ಕೊಂಡಿಗಳನ್ನು ಮಾಡಬಹುದು, ಮಾಡುವವರು ಇದ್ದಾರೆ, ಆದರೆ ಅದು ಹಿಂಗೈ ಮೇಲೆ ಒಂದು ಗೋಪುರವಾಗುತ್ತದೆ. ಒಂದು ಕೈಯಲ್ಲಿ 27 ಮೂಳೆ, ಇಪ್ಪತ್ತಕ್ಕೂ ಜಾಸ್ತಿ ಬಗೆಯ ಅಲುಗಾಟ. ಎಲ್ಲಕ್ಕೂ ಪಿನ್ ಹೊಂದಿಸುತ್ತೇನೆ ಅಂತ ಹೊರಟರೆ ಮುಗಿಯುವ ಲೆಕ್ಕ ಅಲ್ಲ.

ಆಗ ಮೆತ್ತಗಿನ ಸಾಧನಗಳ ಬಗ್ಗೆ ಓದಿದೆ. ಹಾರ್ವರ್ಡ್‌ನಲ್ಲಿ ಕಾನರ್ ವಾಲ್ಶ್ ಅವರ ತಂಡ 2015ರ ಹೊತ್ತಿಗೆ ಒಂದು ಕೈಗವಸು ತೋರಿಸಿತ್ತು, ಬೆರಳ ಬೆನ್ನ ಮೇಲೆ ರಬ್ಬರ್ ನಳಿಕೆ, ಅದಕ್ಕೆ ದಾರ ಸುತ್ತಿ ಯಾವ ಕಡೆ ಬಗ್ಗಬೇಕೋ ಆ ಕಡೆಗೆ ಮಾತ್ರ ಬಗ್ಗುವ ಹಾಗೆ ಮಾಡಿ, ಸೊಂಟದ ಪೆಟ್ಟಿಗೆಯಿಂದ ಒತ್ತಡ ಕೊಡೋದು. ರಬ್ಬರ್ ಎಲ್ಲಿ ಬೇಕಾದರೂ ಬಗ್ಗುತ್ತದೆ, ಹಾಗಾಗಿ ಪಿನ್ ಹೊಂದಿಸುವ ತಲೆನೋವೇ ಇಲ್ಲ. ಇದರ ಹಿಂದೆ ಇನ್ನೂ ಹಳೇ ಕಥೆ ಇದೆ, ನನಗೆ ತುಂಬ ಹತ್ತಿರವಾದದ್ದು. ಜೋಸೆಫ್ ಮೆಕಿಬ್ಬನ್ ಅಂತ ಅಮೆರಿಕದ ಒಬ್ಬ ಭೌತವಿಜ್ಞಾನಿ. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಯಲ್ಲಿ ಸ್ವಿಚ್ ಹಾಕಿದವರು ಅವರೇ. 1950ರ ದಶಕದಲ್ಲಿ ಅವರ ಮಗಳಿಗೆ ಪೋಲಿಯೋ ಆಗಿ ಕೈ ಸೋತಿತು. ಮಗಳ ಬೆರಳು ಆಡಿಸೋಕೆ ಅವರು ಮುಂದಕ್ಕೆ ತಂದದ್ದು ಒಂದು ರಬ್ಬರ್ ಕೊಳವೆ, ಅದರ ಮೇಲೆ ಹೆಣೆದ ಬಲೆ. ಗಾಳಿ ತುಂಬಿದರೆ ಕೊಳವೆ ದಪ್ಪ ಆಗುತ್ತದೆ, ಉದ್ದ ಕಮ್ಮಿ ಆಗುತ್ತದೆ, ಥೇಟ್ ಸ್ನಾಯುವಿನ ಹಾಗೆ. ಇವತ್ತಿಗೂ ಅದನ್ನು ಮೆಕಿಬ್ಬನ್ ಸ್ನಾಯು ಅಂತಲೇ ಕರೆಯುತ್ತಾರೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸರಿ, ಗಾಳಿಯದ್ದೇ ಮಾಡೋಣ ಅಂತ ಎರಡನೇ ಸಾಧನ. ನನಗೆ ಬೇಕಾಗಿದ್ದು ಬಿಚ್ಚಿಸೋದು ತಾನೆ. ಜಾತ್ರೆಯಲ್ಲಿ ಒಂದು ಪೀಪಿ ಸಿಗುತ್ತದೆ ನೋಡಿ, ಸುರುಳಿ ಸುತ್ತಿಕೊಂಡ ಕಾಗದ, ಊದಿದರೆ ಸೀದಾ ಚಾಚಿಕೊಳ್ಳುತ್ತದೆ. ಅದೇ ಉಪಾಯ. ತೆಳು ಪ್ಲಾಸ್ಟಿಕ್ ಚೀಲಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿ ಬೆರಳಿನ ಒಳಭಾಗಕ್ಕೆ ಇಟ್ಟೆ. ಗಾಳಿ ತುಂಬಿದಾಗ ಬೆರಳುಗಳು ನಿಧಾನಕ್ಕೆ, ಬಹಳ ಮೃದುವಾಗಿ ಬಿಚ್ಚಿಕೊಂಡವು. ದೊಡ್ಡಮ್ಮನಿಗೆ ಸ್ವಲ್ಪವೂ ನೋವಾಗಲಿಲ್ಲ. ಆದರೆ ಅಂಗೈ ತುಂಬ ಚೀಲ! ಬಿಚ್ಚಿದ ಕೈಯಲ್ಲಿ ಏನಾದರೂ ಹಿಡಿಯೋಣ ಅಂದರೆ ಜಾಗ ಎಲ್ಲಿದೆ? ಸಾಲದ್ದಕ್ಕೆ ಪಂಪಿನ ಸದ್ದಿಗೆ ಟಿವಿ ಕೇಳಿಸುತ್ತಿರಲಿಲ್ಲ, ಅಂಟು ಬಿಟ್ಟ ಕಡೆ ಗಾಳಿ ಸೋರುತ್ತಿತ್ತು. ಬರೀ ವ್ಯಾಯಾಮಕ್ಕಾದರೆ ಅದು ಒಳ್ಳೆಯ ಸಾಧನವೇ, ಈಗಲೂ ಚಳಿಗಾಲದಲ್ಲಿ ಕೈ ತುಂಬ ಬಿಗಿದ ದಿನ ಅದನ್ನೇ ಹಾಕುತ್ತೇನೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕಾಯಿತು. ಈ ಸಾಧನಗಳಲ್ಲಿ ಎರಡು ಜಾತಿ. ಒಂದು ಕೈಗೆ ಪಾಠ ಹೇಳುವುದು, ಇನ್ನೊಂದು ಕೈಯ ಬದಲು ಕೆಲಸ ಮಾಡುವುದು. ಪಾಠ ಹೇಳುವುದು ನಿಧಾನ ಇರಬೇಕು, ನೂರಾರು ಸಲ ಅದನ್ನೇ ಮಾಡಿಸಬೇಕು, ಟೇಬಲ್ ಮೇಲೆ ಕೂತಿದ್ದರೂ ನಡೆಯುತ್ತದೆ. ಕೆಲಸ ಮಾಡುವುದು ಹಗುರ ಇರಬೇಕು, ಮೈಮೇಲೇ ಇರಬೇಕು, ಲೋಟ ಎತ್ತುವಷ್ಟು ಹಿಡಿತ ಕೊಡಬೇಕು, ಅಡ್ಡ ಬರಬಾರದು. ಎರಡನ್ನೂ ಒಂದರಲ್ಲೇ ಮಾಡುತ್ತೇನೆ ಅಂದರೆ ಎರಡೂ ಅರ್ಧಂಬರ್ಧ ಆಗುತ್ತದೆ. ನಾನು ಪಾಠದ ಕಡೆ ವಾಲಿದೆ. ದೊಡ್ಡಮ್ಮನ ಮುಂಗೈಯಲ್ಲಿ ಇನ್ನೂ ಜೀವ ಇದೆ, ಬಿಚ್ಚು ಅಂದರೆ ಹಿಂಗೈ ಕಡೆ ಸ್ನಾಯು ಸಣ್ಣಗೆ ಅದುರುತ್ತದೆ, ಅದನ್ನು ನನ್ನ ಬೆರಳಿಂದ ಮುಟ್ಟಿ ನೋಡಿದ್ದೇನೆ.

ಮೂರನೆಯದು ದಾರದ ಸಾಧನ. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಕ್ಯು-ಜಿನ್ ಚೋ ಅವರ ತಂಡ ಎಕ್ಸೋ-ಗ್ಲವ್ ಅಂತ ಮಾಡಿದೆ, ಗಟ್ಟಿ ಪಟ್ಟಿ ಬೇಡ, ಪಿನ್ ಬೇಡ, ಸ್ನಾಯುರಜ್ಜು ಎಲ್ಲಿ ಹೋಗುತ್ತದೋ ಅದರ ಮೇಲೆಯೇ ದಾರ ಓಡಿಸೋದು. ದೇಹ ಈಗಾಗಲೇ ಮಾಡಿರುವ ಡಿಸೈನ್‌ಗೆ ಹೊರಗಿನಿಂದ ಒಂದು ನಕಲು. ನನ್ನ ಸಾಧನದಲ್ಲಿ ಹಿಂಗೈ ಕಡೆ ಬೆರಳಿಗೆ ಒಂದು ದಾರ, ಮೀನು ಹಿಡಿಯೋಕೆ ಬಳಸುವ ಹೆಣೆದ ದಾರ. ಅದು ಸೈಕಲ್ ಬ್ರೇಕ್ ವಯರಿನ ಕವಚದೊಳಗೆ ಹಾದು ಸೊಂಟದ ಚೀಲದಲ್ಲಿರುವ ಮೋಟಾರ್‌ಗೆ ಹೋಗುತ್ತದೆ. ಕೈ ಮೇಲೆ ಇರುವ ಭಾರ 140 ಗ್ರಾಂ. ಸೋತ ತೋಳಿಗೆ ಪ್ರತಿ ಗ್ರಾಮೂ ಲೆಕ್ಕ, ಅದಕ್ಕೇ ಮೋಟಾರು ಬ್ಯಾಟರಿ ಎಲ್ಲ ಸೊಂಟಕ್ಕೆ.

ಕವಚದ ಒಳಗಿನ ಉಜ್ಜಾಟ ಮೊದಲು ಕಾಟ ಕೊಟ್ಟಿತು. ಮೊಣಕೈ ಮಡಚಿದಾಗ ಕವಚವೂ ಬಾಗುತ್ತದೆ, ಬಾಗಿದಷ್ಟೂ ದಾರ ಒಳಗೆ ಉಜ್ಜುತ್ತದೆ. ಮೋಟಾರ್ ಎಳೆಯುವ ಬಲದಲ್ಲಿ ಬೆರಳಿಗೆ ಎಷ್ಟು ತಲುಪಿತು ಅಂತ ಮೋಟಾರ್ ಕಡೆಯಿಂದ ಗೊತ್ತೇ ಆಗೋದಿಲ್ಲ. ಹಾಗಾಗಿ ಹಿಂಗೈ ಹತ್ತಿರವೇ ಒಂದು ಸಣ್ಣ ಸ್ಪ್ರಿಂಗ್ ಇಟ್ಟು, ಅದು ಎಷ್ಟು ಹಿಗ್ಗಿತು ಅಂತ ಅಳೆಯುವ ಸೆನ್ಸರ್ ಹಾಕಿದೆ. ಈಗ ಬೆರಳು ಎದುರು ಎಳೆಯೋಕೆ ಶುರು ಮಾಡಿದ ಕೂಡಲೇ ಮೋಟಾರ್ ನಿಂತು ಕಾಯುತ್ತದೆ, ಬಿಗಿತ ಇಳಿದ ಮೇಲೆ ಮುಂದಕ್ಕೆ ಹೋಗುತ್ತದೆ.

ಆಮೇಲೆ ಮೋಟಾರ್ ದಾರ ಸುತ್ತಿಕೊಳ್ಳುವ ರಾಟೆಯಿಂದ ದಾರ ಜಾರಿ ಸಿಕ್ಕಾಗೋದು. ಮೋಟಾರ್ ಹಿಂದಕ್ಕೆ ತಿರುಗಿ ದಾರ ಬಿಟ್ಟಾಗ ಬೆರಳು ಅದೇ ವೇಗದಲ್ಲಿ ಮಡಚದಿದ್ದರೆ ದಾರ ಸಡಿಲ ಬೀಳುತ್ತದೆ, ಸುರುಳಿ ರಾಟೆ ಬಿಟ್ಟು ಅಕ್ಕಪಕ್ಕಕ್ಕೆ ಬೀಳುತ್ತದೆ, ಮುಂದಿನ ಸಲ ಎಳೆದಾಗ ಗಂಟು. ಮೂರು ಭಾನುವಾರ ಇದರಲ್ಲೇ ಹೋಯಿತು. ಮೂರನೇ ಭಾನುವಾರ ನಾನು ಗಂಟು ಬಿಡಿಸುತ್ತಾ ಕೂತಿದ್ದೆ, ದೊಡ್ಡಮ್ಮ ಸುಮ್ನೆ ನೋಡುತ್ತಿದ್ದವಳು ಎಡಗೈ ಚಾಚಿ ದಾರದ ಮೇಲೆ ಒಂದು ಬೆರಳು ಇಟ್ಟು ಮೆಲ್ಲಗೆ ಒತ್ತಿದಳು.

"ಸಡ್ಲ ಬಿಡಬೇಡ ಕಣೇ. ರಾಟೆಗೆ ಹೋಗೋಕೆ ಮುಂಚೆ ಯಾರಾದ್ರೂ ಹಿಡ್ಕೊಂಡಿರಬೇಕು. ನೂಲಿಗೆ ಹಿಡಿತ ತಪ್ಪಿದ್ರೆ ಮುಗೀತು."

ಅವಳು ಹೇಳಿದ್ದನ್ನೇ ಮಾಡಿದೆ. ರಾಟೆಯ ಬಾಯಲ್ಲಿ ಎರಡು ಸಣ್ಣ ರಬ್ಬರ್ ಉರುಳೆ, ಸ್ಪ್ರಿಂಗಿನಿಂದ ಒತ್ತಿಕೊಂಡು ದಾರವನ್ನು ಹಿಡಿದಿರುತ್ತವೆ. ಬೆರಳ ಕಡೆ ದಾರ ಸಡಿಲ ಇರಲಿ, ರಾಟೆಯ ಕಡೆ ಯಾವಾಗಲೂ ಬಿಗಿ. ಆಮೇಲೆ ಹುಡುಕಿ ನೋಡಿದರೆ ಸೋಲ್‌ನ ತಂಡವೂ ದಾರ ಸಡಿಲ ಆದರೂ ರಾಟೆ ಬಿಡದಿರೋಕೆ ಅಂತಲೇ ಪ್ರತ್ಯೇಕ ಒಂದು ಯಂತ್ರ ಮಾಡಿತ್ತು. ಅವರ ಲೇಖನ ನಾನು ಮೊದಲೇ ಓದಿದ್ದರೆ ಮೂರು ವಾರ ಉಳಿಯುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ನೂಲು ಬಿಚ್ಚಿದವಳು ಪಕ್ಕದಲ್ಲೇ ಇದ್ದಳು, ನಾನು ಅವಳನ್ನು ಕೇಳಿರಲೇ ಇಲ್ಲ. ಅವತ್ತಿಂದ ಪ್ರತಿಯೊಂದನ್ನೂ ಮೊದಲು ಅವಳಿಗೆ ತೋರಿಸಿ ಆಮೇಲೆ ಮುಂದೆ ಹೋಗುತ್ತೇನೆ.

ಹಾಕಿಕೊಳ್ಳುವ ವಿಷಯ ಅವಳೇ ಎತ್ತಿದ್ದು. "ಇದನ್ನ ಹಾಕೋಕೆ ನೀನು ಬರಬೇಕು, ತೆಗೆಯೋಕೆ ನೀನು ಬರಬೇಕು. ನೀನು ಇಲ್ದಿದ್ದಾಗ?" ಸರಿಯಾದ ಪ್ರಶ್ನೆ. ಮುಷ್ಟಿ ಕಟ್ಟಿದ ಕೈಗೆ ಐದು ಬೆರಳಿನ ಗ್ಲೌಸ್ ಹಾಕೋದು ಎಷ್ಟು ಕಷ್ಟ ಅಂತ ಹಾಕಿ ನೋಡಿದವರಿಗೇ ಗೊತ್ತು. ಒಂದು ಬೆರಳು ತೂರಿಸುವಷ್ಟರಲ್ಲಿ ಇನ್ನೊಂದು ಮಡಚಿರುತ್ತದೆ. ಗ್ಲೌಸ್ ಬಿಟ್ಟೆ. ಈಗ ಇರುವುದು ಹಿಂಗೈ ಮೇಲೆ ಒಂದು ಮೆತ್ತನೆ ಹಾಳೆ, ಬೆರಳ ತುದಿಗೆ ಟೋಪಿ, ನಡುವೆ ವೆಲ್ಕ್ರೋ ಪಟ್ಟಿ. ಅಂಗೈ ಪೂರ್ತಿ ಬರಿದು. ಮುಟ್ಟಿದ್ದು ಗೊತ್ತಾಗಬೇಕು, ಬೆವರು ಆರಬೇಕು. ಫಿಸಿಯೋ ಮೇಡಂ ಹೇಳಿಕೊಟ್ಟ ಒಂದು ಕೈಚಳಕ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಮಣಿಕಟ್ಟು ಕೆಳಕ್ಕೆ ಜೋತು ಬಿಟ್ಟರೆ ಬೆರಳು ತಾನಾಗಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಮೇಲಕ್ಕೆ ಎತ್ತಿದರೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಕೈಯಲ್ಲೂ ಅಷ್ಟೇ, ನೋಡಿ. ಹಾಗಾಗಿ ದೊಡ್ಡಮ್ಮ ಮೇಜಿನ ಅಂಚಿನಿಂದ ಕೈ ಜೋತು ಬಿಟ್ಟು, ಬೆರಳು ಸಡಿಲಾದಾಗ ಎಡಗೈಯಿಂದ ಟೋಪಿ ಏರಿಸಿ, ಪಟ್ಟಿ ಎಳೆದುಕೊಳ್ಳುತ್ತಾಳೆ. ಪಟ್ಟಿಯ ತುದಿಗೆ ಬಳೆಯಷ್ಟು ದೊಡ್ಡ ಉಂಗುರ ಹೊಲಿಸಿದ್ದೇನೆ, ಒಂದು ಬೆರಳು ತೂರಿಸಿ ಎಳೆದರೆ ಸಾಕು. ಮೊದಲ ದಿನ ಹದಿನೇಳು ನಿಮಿಷ ಹಿಡಿಯಿತು. ಈಗ ನಾಲ್ಕು. ನನ್ನ ಮಟ್ಟಿಗೆ ಈ ಸಾಧನದ ಅತಿ ಮುಖ್ಯ ಅಳತೆ ಇದೇ. ಒಬ್ಬರೇ ಹಾಕಿಕೊಳ್ಳೋಕೆ ಆಗದ ಸಾಧನ ಎಷ್ಟೇ ಚೆನ್ನಾಗಿ ಆಡಿದರೂ ಎರಡು ವಾರದಲ್ಲಿ ಬೀರು ಸೇರುತ್ತದೆ.

ಸುರಕ್ಷತೆ ಬಗ್ಗೆ ಒಂದು ಮಾತು, ಮನೆಯಲ್ಲಿ ಮಾಡುವವರು ದಯವಿಟ್ಟು ಗಮನಿಸಿ. ಬೆರಳು ಹಿಂದಕ್ಕೆ ಬಾಗದ ಹಾಗೆ ತಡೆಯೋದನ್ನು ಪ್ರೋಗ್ರಾಂಗೆ ಬಿಡಬೇಡಿ. ದಾರದ ಮೇಲೇ ಒಂದು ಮಣಿ ಕಟ್ಟಿ, ಬೆರಳು ನೇರ ಆದ ಕೂಡಲೇ ಅದು ಕವಚದ ಬಾಯಿಗೆ ತಗುಲಿ ನಿಲ್ಲಬೇಕು. ಮಧ್ಯದಲ್ಲಿ ಒಂದು ಅಯಸ್ಕಾಂತದ ಕೊಂಡಿ ಇರಲಿ, ಬಲ ಮಿತಿ ಮೀರಿದರೆ ತಾನೇ ಕಳಚಿಕೊಳ್ಳಬೇಕು. ಫಿಸಿಯೋ ಒಬ್ಬರು ನೋಡದೆ ಯಾರ ಕೈಗೂ ಹಾಕಬೇಡಿ. ಸ್ಟ್ರೋಕ್ ಆದವರಿಗೆ ಎಷ್ಟೋ ಸಲ ಸ್ಪರ್ಶವೂ ಮಂದ ಆಗಿರುತ್ತದೆ, ನೋವಾದರೂ ಗೊತ್ತಾಗದೇ ಇರಬಹುದು.

ಯಾವಾಗ ಬಿಚ್ಚಬೇಕು ಅಂತ ಸಾಧನಕ್ಕೆ ಹೇಳೋದು ಹೇಗೆ? ಸ್ನಾಯುವಿನ ವಿದ್ಯುತ್ ಸಂಕೇತ ಓದುವ ಇಎಂಜಿ ಸೆನ್ಸರ್ ತಂದು ಮುಂಗೈಗೆ ಅಂಟಿಸಿ ನೋಡಿದೆ. ದೊಡ್ಡಮ್ಮ ಬಿಚ್ಚೋಕೆ ಪ್ರಯತ್ನ ಪಟ್ಟಾಗ ಮುಚ್ಚುವ ಸ್ನಾಯುವೂ ಜೊತೆಗೇ ಎದ್ದು ಕೂಗುತ್ತದೆ. ಎರಡನ್ನೂ ಬೇರೆ ಮಾಡೋಕೆ ನನಗೆ ಇನ್ನೂ ಆಗಿಲ್ಲ. ಸದ್ಯಕ್ಕೆ ಎಡಗೈಯಲ್ಲಿ ಒಂದು ಬಟನ್. ಆದರೆ ಬಟನ್ ಒತ್ತಿದ ಕೂಡಲೇ ಮೋಟಾರ್ ಎಳೆಯೋದಿಲ್ಲ. ಮೂರು ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಅವಳೇ ಪ್ರಯತ್ನ ಮಾಡಬೇಕು. ಪೂರ್ತಿ ಯಂತ್ರವೇ ಮಾಡಿಕೊಟ್ಟರೆ ಮೆದುಳು ಸುಮ್ಮನಾಗಿಬಿಡುತ್ತದೆ, ಎಷ್ಟು ಬೇಕೋ ಅಷ್ಟೇ ಸಹಾಯ ಕೊಡಬೇಕು. ಎಡ್ವರ್ಡ್ ಟಾಬ್ ಅನ್ನುವ ವಿಜ್ಞಾನಿ ಕೋತಿಗಳಲ್ಲಿ ಕಂಡುಕೊಂಡದ್ದು ಇದರ ಇನ್ನೊಂದು ಮುಖ. ಸೋತ ಕೈಯನ್ನು ಬಳಸೋಕೆ ಹೋಗಿ ಹೋಗಿ ಆಗದೆ, ಕೊನೆಗೆ ಬಳಸದಿರೋದನ್ನೇ ಅವು ಕಲಿತುಬಿಡುತ್ತವೆ. ಅದಕ್ಕೆ ಅವರು ಚೆನ್ನಾಗಿರುವ ಕೈಯನ್ನು ಕಟ್ಟಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ತಂದರು. ಆ ಚಿಕಿತ್ಸೆಗೆ ಬೆರಳು ಸ್ವಲ್ಪವಾದರೂ ತಾನೇ ಬಿಚ್ಚಬೇಕು, ದೊಡ್ಡಮ್ಮನ ಕೈ ಅಷ್ಟಕ್ಕೂ ಬಂದಿರಲಿಲ್ಲ. ಸೆರಗಿನ ಒಳಗೆ ಮುಚ್ಚಿಟ್ಟ ಕೈ ನೋಡಿದಾಗಲೆಲ್ಲ ನನಗೆ ಆ ಕೋತಿಗಳ ನೆನಪು ಬಂದು ಹೊಟ್ಟೆ ಉರಿಯುತ್ತದೆ.

ನಮ್ಮ ಹತ್ತಿರದಲ್ಲೂ ಕೆಲಸ ಆಗುತ್ತಿದೆ ಅನ್ನೋದು ಧೈರ್ಯ. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಪ್ಲೂಟೋ ಅಂತ ಕೈಯ ವ್ಯಾಯಾಮದ ರೋಬೋಟ್ ಮಾಡಿದ್ದಾರೆ. ಒಂದೇ ಮೋಟಾರ್, ಅದಕ್ಕೆ ಬೇರೆ ಬೇರೆ ಹಿಡಿಗಳನ್ನು ಬದಲಿಸಿ ಬೇರೆ ಬೇರೆ ವ್ಯಾಯಾಮ. ಮೈಮೇಲೆ ಹಾಕುವುದಲ್ಲ, ಟೇಬಲ್ ಮೇಲಿನದು. ಕಮ್ಮಿ ಖರ್ಚಿನಲ್ಲಿ ಹೆಚ್ಚು ಕೆಲಸ ತೆಗೆಯುವ ಆ ಯೋಚನೆ ನನಗೆ ತುಂಬ ಇಷ್ಟ.

ಹೆಬ್ಬೆರಳು ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಉಳಿದ ನಾಲ್ಕೂ ಬಾಗಿಲ ಕೀಲಿನ ಹಾಗೆ ಒಂದು ದಿಕ್ಕಿಗೆ ಆಡುತ್ತವೆ ಅಂತ ಹೇಗೋ ಒಪ್ಪಿಕೊಳ್ಳಬಹುದು. ಹೆಬ್ಬೆರಳಿನ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು, ಹೊರಕ್ಕೂ ಹೋಗುತ್ತದೆ, ಮುಂದಕ್ಕೂ ಬರುತ್ತದೆ, ಬರುತ್ತಾ ತಿರುಗಿ ಉಳಿದ ಬೆರಳುಗಳ ಎದುರು ನಿಲ್ಲುತ್ತದೆ. ಒಂದು ದಾರಕ್ಕೆ ಇದೆಲ್ಲ ಎಲ್ಲಿ ಬರಬೇಕು? ದೊಡ್ಡಮ್ಮನ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು ಉಳಿದ ಬೆರಳುಗಳ ಕೆಳಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಮೊದಲು ಹೊರಗೆ ತರದೆ ಬೇರೆ ಬಿಚ್ಚಿದರೂ ಪ್ರಯೋಜನ ಇಲ್ಲ. ಸದ್ಯ ಮೆತ್ತನೆ ಪ್ಲಾಸ್ಟಿಕ್ಕಿನ ಒಂದು ತೊಟ್ಟಿಲು ಮಾಡಿ, ಹೆಬ್ಬೆರಳನ್ನು ಹೊರಗೆ, ಎದುರಿಗೆ ನಿಲ್ಲಿಸಿಟ್ಟಿದ್ದೇನೆ. ಅದು ಆಡೋದಿಲ್ಲ, ಗೋಡೆಯ ಹಾಗೆ ನಿಂತಿರುತ್ತದೆ, ಬೆರಳುಗಳು ಬಂದು ಅದಕ್ಕೆ ತಗುಲುತ್ತವೆ.

ಹೋದ ಭಾನುವಾರ ದೊಡ್ಡಮ್ಮ ಮಾರ್ಕೆಟ್ಟಿನಿಂದ ನಾಲ್ಕು ಗೂಡು ತರಿಸಿಟ್ಟುಕೊಂಡಿದ್ದಳು. ನನಗೆ ಹೇಳಿರಲಿಲ್ಲ. ಸಾಧನ ಹಾಕಿಕೊಂಡು, ಬಟನ್ ಒತ್ತಿ, ಮೂರು ಸೆಕೆಂಡ್ ಹಲ್ಲು ಕಚ್ಚಿ ಪ್ರಯತ್ನ ಪಟ್ಟಳು. ತೋರುಬೆರಳು ದಾರಕ್ಕಿಂತ ಮುಂಚೆ ಒಂದಿಷ್ಟು ಅಲುಗಿತು. ಸೆನ್ಸರ್ ನೋಡದೆಯೂ ಗೊತ್ತಾಯಿತು, ದಾರ ಆಗ ಇನ್ನೂ ಸಡಿಲ ಇತ್ತು. ಆಮೇಲೆ ಮೋಟಾರ್ ಬಂತು, ಬೆರಳು ಬಿಚ್ಚಿಕೊಂಡವು, ಎಡಗೈಯಿಂದ ಗೂಡು ತೆಗೆದು ಮಧ್ಯದಲ್ಲಿ ಇಟ್ಟಳು. ದಾರ ಬಿಟ್ಟಾಗ ಬೆರಳುಗಳು ತಾವೇ ಮುಚ್ಚಿದವು. ಸ್ವಲ್ಪ ಜೋರಾಯಿತು, ಗೂಡು ಒಂದು ಕಡೆ ತಗ್ಗಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಮಿಶ್ರತಳಿ," ಅಂದಳು. "ತೆಳ್ಳಗಿದೆ. ರೇಟು ಸಿಕ್ಕಿರಲ್ಲ."

ಆಮೇಲೆ ಕೇಳಿದಳು, ಇದನ್ನ ಹಾಕ್ಕೊಂಡು ಮುದ್ದೆ ತಿನ್ನಬಹುದಾ ಅಂತ. ಮೂರು ವರ್ಷದಿಂದ ಎಡಗೈಯಲ್ಲಿ ಊಟ, ಅದು ಅವಳಿಗೆ ಎಷ್ಟು ಸಂಕಟ ಅಂತ ನಮ್ಮೆಲ್ಲರಿಗೂ ಗೊತ್ತು. ಮುದ್ದೆ ಮುರಿಯಬೇಕು, ಬೆರಳಲ್ಲಿ ಉರುಳಿಸಬೇಕು, ಸಾರಲ್ಲಿ ಅದ್ದಬೇಕು. ಉರುಳಿಸೋಕೆ ಹೆಬ್ಬೆರಳು ಆಡಬೇಕು. ಅದ್ದೋಕೆ ಬೆರಳ ಟೋಪಿ ತೊಳೆಯುವ ಹಾಗಿರಬೇಕು, ಈಗಿನ ಬಟ್ಟೆ ಸಾರು ಹೀರಿಕೊಳ್ಳುತ್ತದೆ. ಟೈಲರ್ ಅಣ್ಣನ ಹತ್ತಿರ ಮಾತಾಡಿದ್ದೇನೆ, ಸಿಲಿಕೋನ್ ಹಾಳೆಗೆ ಹೊಲಿಗೆ ಹಾಕಿದರೆ ಹರಿಯುತ್ತದೆ ಅಂದರು, ಅಂಚಿಗೆ ಬಟ್ಟೆ ಪಟ್ಟಿ ಕೊಟ್ಟು ನೋಡೋಣ ಅಂತ ಒಪ್ಪಿಸಿದ್ದೇನೆ. ಹೆಬ್ಬೆರಳಿಗೆ ಎರಡು ದಾರ ಬೇಕಾಗುತ್ತದೆ, ಒಂದು ಹೊರಕ್ಕೆ, ಒಂದು ಎದುರಿಗೆ. ಎರಡನೇ ಮೋಟಾರ್ ಬುಧವಾರ ಬರುತ್ತದೆ.